ಸಂದೇಶವೂ ಸಮ್ಮುಖವೂ

ಮನುಷ್ಯನ ಮಾತು ಮನುಷ್ಯನನ್ನು ಎರಡು ದಾರಿಗಳಿಂದ ಮುಟ್ಟುತ್ತದೆ. ಆಡುವವನೂ ಕೇಳುವವನೂ ಎದುರೆದುರಾಗಿ ಕುಳಿತಿರುವಾಗ ನಡೆಯುವ ಮಾತು ಒಂದು. ಆಡಿದವನು ಎಲ್ಲಿಯೋ ಇದ್ದು, ಮತ್ತೊಬ್ಬರ ಬಾಯಿಂದಲೋ ಓಲೆಯಿಂದಲೋ ಯಂತ್ರದಿಂದಲೋ ಬಂದು ಸೇರುವ ಮಾತು ಇನ್ನೊಂದು. ಮೊದಲನೆಯದನ್ನು ಸಮ್ಮುಖವೆಂದೂ ಎರಡನೆಯದನ್ನು ಸಂದೇಶವೆಂದೂ ಕರೆಯಬಹುದು. ಇವೆರಡೂ ಲೋಕವ್ಯವಹಾರಕ್ಕೆ ಬೇಕಾದವುಗಳೇ. ಆದರೆ ಇವುಗಳಲ್ಲಿ ಯಾವುದು ಪ್ರಧಾನ, ಯಾವುದು ಅದಕ್ಕೆ ಅಂಗ ಎಂಬ ವಿಷಯದಲ್ಲಿ ನಮ್ಮ ಹಿಂದಿನವರಿಗೆ ಸಂಶಯವಿರಲಿಲ್ಲ. ಸಮ್ಮುಖವು ಸಾಧ್ಯವಿಲ್ಲದಲ್ಲಿ ಸಂದೇಶ. ಸಂದೇಶದಲ್ಲಿ ಸಂಶಯ ಹುಟ್ಟಿದಲ್ಲಿ ಮತ್ತೆ ಸಮ್ಮುಖ: ಇದು ಅವರ ಕ್ರಮವಾಗಿದ್ದಿತು. ಸ್ಮಾರ್ಟ್‌ಫೋನೆಂಬ ಯಂತ್ರವು ಮನೆಮನೆಗೂ ಬಂದ ಮೇಲೆ ಈ ಕ್ರಮವು ತಲೆಕೆಳಗಾಗಿರುವಂತೆ ತೋರುತ್ತದೆ. ಒಂದೇ ಜಗಲಿಯ ಮೇಲೆ ಕುಳಿತ ನಾಲ್ವರು ನಾಲ್ಕು ಊರುಗಳವರೊಡನೆ ಬೆರಳಿನಿಂದ ಮಾತಾಡುತ್ತ, ತಮ್ಮ ತಮ್ಮೊಳಗೆ ಮಾತಿಲ್ಲದೆ ಇರುವುದು ಈಗ ಯಾರಿಗೂ ಸೋಜಿಗವೆನಿಸದು. ಇದನ್ನು ಕಂಡು ಹಿರಿಯರು ಗೊಣಗುತ್ತಾರೆ, ಕಿರಿಯರು ನಗುತ್ತಾರೆ. ಗೊಣಗುವುದರಿಂದಲೂ ನಗುವುದರಿಂದಲೂ ವಿಷಯವು ತಿಳಿಯುವುದಿಲ್ಲವಾದ್ದರಿಂದ, ಸಂದೇಶದ ಸಾಧನಗಳು ಬೆಳೆದುಬಂದ ಬಗೆಯನ್ನೂ, ಒಂದೊಂದು ಸಾಧನವೂ ಸಮ್ಮುಖದಿಂದ ಏನನ್ನು ಕಳೆದು ಏನನ್ನು ಕೂಡಿಸಿತೆಂಬುದನ್ನೂ ಇತಿಹಾಸಕ್ರಮದಲ್ಲಿ ನೋಡುವುದು ಈ ಲೇಖನದ ಉದ್ದೇಶ.

ಸಮ್ಮುಖದಲ್ಲಿ ಮಾತು ಒಂದೇ ಇರುವುದಿಲ್ಲ. ಭರತಮುನಿಯು ನಾಟ್ಯಶಾಸ್ತ್ರದಲ್ಲಿ ಅಭಿನಯವನ್ನು ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕ ಎಂದು ನಾಲ್ಕಾಗಿ ವಿಂಗಡಿಸಿದ್ದಾನೆ. ಇದು ರಂಗದ ಶಾಸ್ತ್ರವಾದರೂ ಮನೆಯ ಜಗಲಿಗೂ ಸಲ್ಲುವಂಥದೇ. ಕಣ್ಣು, ಹುಬ್ಬು, ಕೈಗಳ ಚಲನೆ ಆಂಗಿಕ, ಆಡುವ ನುಡಿ ವಾಚಿಕ, ಉಡಿಗೆತೊಡಿಗೆ ಆಹಾರ್ಯ, ಮೊಗವು ಕೆಂಪೇರುವುದು, ಕಂಠವು ಗದ್ಗದವಾಗುವುದು, ಕಣ್ಣಲ್ಲಿ ನೀರು ತುಂಬುವುದು ಮೊದಲಾದುವು ಸಾತ್ತ್ವಿಕ. ಈ ನಾಲ್ಕರಲ್ಲಿ ಸಾತ್ತ್ವಿಕವನ್ನು ಮನಸ್ಸು ಬಂದಂತೆ ತಡೆಯಲಾಗದು. ಆದುದರಿಂದಲೇ ನಾಲಿಗೆಯು ಸುಳ್ಳಾಡಿದಾಗಲೂ ಮುಖವು ಹಲವು ವೇಳೆ ನಿಜವನ್ನು ಹೇಳಿಬಿಡುತ್ತದೆ. ಸಂದೇಶದಲ್ಲಿ ಉಳಿಯುವುದು ವಾಚಿಕವೊಂದೇ; ಮಿಕ್ಕ ಮೂರೂ ದಾರಿಯಲ್ಲಿಯೇ ಉದುರಿಹೋಗುತ್ತವೆ. ಸಂದೇಶಸಾಧನಗಳ ಚರಿತ್ರೆಯೆಂದರೆ, ಹೀಗೆ ಉದುರಿಹೋದುದನ್ನು ಬೇರೆ ಬೇರೆ ಉಪಾಯಗಳಿಂದ ತುಂಬಿಕೊಳ್ಳಲು ಮನುಷ್ಯನು ಮಾಡಿದ ಪ್ರಯತ್ನಗಳ ಚರಿತ್ರೆ ಎನ್ನಬಹುದು.

ಪ್ರಾಚೀನರ ಉಪಾಯವು ಎರಡು ಬಗೆಯಾಗಿದ್ದಿತು: ಹೊಣೆಯರಿತ ದೂತನು ಒಂದು, ಅಭಿಜ್ಞಾನವು ಇನ್ನೊಂದು. ಅಭಿಜ್ಞಾನವೆಂದರೆ ಗುರುತು, ನಂಬುಗೆಯ ಕುರುಹು. ಶ್ರೀಮದ್ರಾಮಾಯಣದ ಸುಂದರಕಾಂಡದಲ್ಲಿ ಆಂಜನೇಯನು ಶಿಂಶಪಾವೃಕ್ಷದ ಮರೆಯಿಂದ ರಾಮಕಥೆಯನ್ನು ಹೇಳಿದಾಗ ಸೀತಾದೇವಿಯು ಒಡನೆಯೇ ನಂಬಲಿಲ್ಲ. ಇವನು ರಾವಣನೇ ಬೇರೆಯ ರೂಪದಿಂದ ಬಂದಿರಬಹುದೆಂದು ಶಂಕಿಸಿದಳು. ರಾಮಲಕ್ಷ್ಮಣರ ಲಕ್ಷಣಗಳನ್ನು ಕೇಳಿ ತಿಳಿದುಕೊಂಡು, ಉಂಗುರವನ್ನು ಕಂಡು, ಆ ಬಳಿಕ ಅವಳಿಗೆ ನಂಬುಗೆ ಬಂದಿತು. ಹಿಂದಿರುಗುವಾಗ ಅವಳೂ ಚೂಡಾಮಣಿಯನ್ನು ಕೊಟ್ಟು, ಸಾಲದುದಕ್ಕೆ ತಮ್ಮಿಬ್ಬರಿಗೆ ಮಾತ್ರ ತಿಳಿದಿದ್ದ ಕಾಕವೃತ್ತಾಂತವನ್ನೂ ಹೇಳಿ ಕಳುಹಿಸಿದಳು. ಕಾಳಿದಾಸನ ಯಕ್ಷನೂ ಮೇಘದ ಮೂಲಕ ಹೇಳಿಕಳುಹಿಸುವಾಗ, ಪತ್ನಿಗೆ ಸಂಶಯ ಬಾರದಿರಲೆಂದು ಏಕಾಂತದ ಒಂದು ಸಂಗತಿಯನ್ನು ಅಭಿಜ್ಞಾನವಾಗಿ ಸೇರಿಸುತ್ತಾನೆ. ವಿರಹದಲ್ಲಿ ಬೆಂದಿರುವವಳೂ ಗುರುತಿಲ್ಲದೆ ನಂಬಳು, ನಂಬಬಾರದು ಎಂಬುದು ಈ ಕವಿಗಳ ಅಭಿಪ್ರಾಯವಾಗಿರಬೇಕು.

ಅಭಿಜ್ಞಾನವೇ ಸಮ್ಮುಖಕ್ಕಿಂತ ಮೇಲಾದರೆ ಏನಾಗುವುದೆಂಬುದನ್ನೂ ಕಾಳಿದಾಸನು ಶಾಕುಂತಲದಲ್ಲಿ ತೋರಿಸಿದ್ದಾನೆ. ಅಲ್ಲಿ ಶಕುಂತಲೆಯು ದುಷ್ಯಂತನ ಎದುರಿಗೆ ಬಂದು ನಿಂತಿದ್ದಾಳೆ. ಮುಖವನ್ನು ಕಂಡೂ ಅವನು ಗುರುತಿಸಲಾರನು. ಬೆರಳಿನಲ್ಲಿ ಉಂಗುರವಿಲ್ಲ, ಆದಕಾರಣ ಅವಳ ಮಾತು ಮಾತಲ್ಲ. ಶಾಪದ ಫಲವೆಂದು ಕವಿಯು ಕಾರಣವನ್ನು ಕೊಟ್ಟಿದ್ದಾನೆ. ಶಾಪವಿಲ್ಲದೆಯೂ ಹೀಗೆ ಆಗುವ ಕಾಲ ಬಂದಿತೆಂಬುದನ್ನು ಮುಂದೆ ನೋಡುವೆವು.

ಕೌಟಿಲ್ಯನ ಅರ್ಥಶಾಸ್ತ್ರವು ೧೯೦೯ನೆಯ ಇಸವಿಯಲ್ಲಿ ಆರ್. ಶಾಮಶಾಸ್ತ್ರಿಗಳ ಪರಿಶ್ರಮದಿಂದ ಮೈಸೂರಿನಲ್ಲಿ ಅಚ್ಚಾದುದು ವಾಚಕರಿಗೆ ತಿಳಿದ ವಿಷಯವೇ ಆಗಿದೆ. ಅದರಲ್ಲಿ ದೂತರು ಮೂರು ವಿಧ: ಕಾರ್ಯವನ್ನೆಲ್ಲ ವಹಿಸಿಕೊಂಡ ನಿಸೃಷ್ಟಾರ್ಥ, ಇಷ್ಟೇ ಎಂದು ಮಿತಿಯುಳ್ಳ ಪರಿಮಿತಾರ್ಥ, ಓಲೆಯನ್ನು ಒಯ್ಯುವುದಷ್ಟನ್ನೇ ಮಾಡುವ ಶಾಸನಹರ. ದೂತನಾದವನು ಪ್ರಾಣಭಯವಿದ್ದರೂ ಹೇಳಿದುದನ್ನು ಹೇಳಿದಂತೆಯೇ ಹೇಳತಕ್ಕದ್ದು. ಮಾತ್ರವಲ್ಲ, ಎದುರಾಳಿಯ ಮಾತು, ಮುಖ, ನೋಟಗಳಲ್ಲಿ ಪ್ರಸನ್ನತೆಯಿದೆಯೇ, ಹತ್ತಿರ ಕುಳ್ಳಿರಿಸಿದನೇ, ಕ್ಷೇಮವನ್ನು ಕೇಳಿದನೇ ಎಂಬುದನ್ನೆಲ್ಲ ಗಮನಿಸಿ ಬರತಕ್ಕದ್ದು. ಎಂದರೆ, ಸಂದೇಶವನ್ನು ಒಯ್ದವನು ಸಮ್ಮುಖದ ಫಲವನ್ನೂ ಹೊತ್ತು ತರಬೇಕಾಗಿದ್ದಿತು. ಬರೆದ ಓಲೆಯಲ್ಲಿಯೂ ಅರ್ಥಕ್ರಮ, ಸಂಬಂಧ, ಪರಿಪೂರ್ಣತೆ, ಮಾಧುರ್ಯ, ಔದಾರ್ಯ, ಸ್ಪಷ್ಟತೆ ಎಂಬ ಆರು ಗುಣಗಳಿರಬೇಕೆಂದು ಕೌಟಿಲ್ಯನು ವಿಧಿಸಿದ್ದಾನೆ. ಮುಖವು ಕಾಣದಲ್ಲಿ ಬರಹವು ಅಷ್ಟು ಹೆಚ್ಚಿನ ಎಚ್ಚರಿಕೆಯಿಂದಿರಬೇಕೆಂಬುದು ಇದರ ತಾತ್ಪರ್ಯ.

ಹೊಸ ಸಾಧನವೊಂದು ಬಂದಾಗ ಹಳಬರು ಹೆದರುವುದು ಇಂದಿನ ಮಾತಲ್ಲ. ಬರವಣಿಗೆಯ ವಿಷಯದಲ್ಲಿಯೇ ಈ ಹೆದರಿಕೆ ತೋರಿತ್ತು. ಪಾಣಿನೀಯಶಿಕ್ಷೆಯು ಅಧಮರಾದ ಪಾಠಕರು ಆರು ಮಂದಿಯನ್ನು ಎಣಿಸುವಾಗ, ಬರೆದುದನ್ನು ನೋಡಿ ಓದುವವನನ್ನೂ ಅವರಲ್ಲಿ ಸೇರಿಸಿದೆ. ಗುರುಮುಖದಿಂದ ಬಾರದ ವಿದ್ಯೆಯು ವಿದ್ಯೆಯಲ್ಲವೆಂಬುದು ಅಂದಿನ ನಿಲವು. ಗ್ರೀಸ್ ದೇಶದ ಪ್ಲೇಟೋ ಎಂಬ ತತ್ತ್ವಜ್ಞನೂ ಫೀಡ್ರಸ್ ಎಂಬ ಸಂವಾದದಲ್ಲಿ, ಬರಹವು ಚಿತ್ರದಂತೆ. ಪ್ರಶ್ನೆ ಕೇಳಿದರೆ ಉತ್ತರ ಕೊಡದು ಎಂಬ ಅಭಿಪ್ರಾಯವನ್ನು ಸಾಕ್ರೆಟೀಸನಿಂದ ಆಡಿಸಿದ್ದಾನೆ. ಆದರೂ ಬರವಣಿಗೆ ನಿಲ್ಲಲಿಲ್ಲ; ನಿಲ್ಲದಿದ್ದುದೇ ಒಳ್ಳೆಯದಾಯಿತು. ಅರ್ಥಶಾಸ್ತ್ರವು ನಮಗೆ ಮರಳಿ ದೊರಕಿದ್ದು ಒಂದು ತಾಳೆಯೋಲೆಯ ಕಟ್ಟಿನಿಂದಲೇ ಅಲ್ಲವೇ? ಪ್ಲೇಟೋವಿನ ಆಕ್ಷೇಪವೂ ಬರಹದಲ್ಲಿಯೇ ಉಳಿದುಬಂದಿದೆ. ಆದಕಾರಣ ಹೊಸತನ್ನು ಹೊಸತೆಂಬ ಕಾರಣದಿಂದಲೇ ಹಳಿಯುವುದು ವಿವೇಕಿಗಳ ಲಕ್ಷಣವಲ್ಲ. ಏನು ಹೋಯಿತು, ಏನು ಬಂದಿತು ಎಂದು ಲೆಕ್ಕ ನೋಡುವುದೇ ಯುಕ್ತ.

ನಮ್ಮ ನಾಡಿನಲ್ಲಿ ಸಂದೇಶವನ್ನು ಒಯ್ಯುವ ಕೆಲಸವು ಒಂದು ಇಲಾಖೆಯಾಗಿ ನೆಲೆಗೊಂಡುದು ೧೭ನೆಯ ಶತಮಾನದ ಕೊನೆಯ ಭಾಗದಲ್ಲಿ, ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ. ಅಂಚೆಯೆಂಬ ಮಾತಿಗೆ ಹಂಸವೆಂಬ ಅರ್ಥವೂ ನಮ್ಮ ಭಾಷೆಯಲ್ಲಿ ಉಂಟು; ದಮಯಂತಿಯ ಬಳಿಗೆ ನಳನ ಮಾತನ್ನು ಒಯ್ದ ಹಂಸವನ್ನು ನೆನೆದರೆ ಎರಡು ಅರ್ಥಗಳೂ ಒಂದಕ್ಕೊಂದು ಒಪ್ಪುವಂತಿವೆ. ಈ ಅಂಚೆಯವರು ಕಾಗದಗಳನ್ನು ಸಾಗಿಸುವುದಲ್ಲದೆ, ಆಯಾ ಸ್ಥಳದ ಗುಟ್ಟಿನ ಸಮಾಚಾರವನ್ನು ಅರಮನೆಗೆ ತಿಳಿಸುವ ಕೆಲಸವನ್ನೂ ಮಾಡುತ್ತಿದ್ದರೆಂದು ಇತಿಹಾಸಕಾರನಾದ ವಿಲ್ಕ್ಸನು ಬರೆದಿದ್ದಾನೆ. ಪರರ ಸಂದೇಶವನ್ನು ಹೊರುವವನು ಅದರ ಜೊತೆಗೆ ತನಗೆ ಬೇಕಾದುದನ್ನು ಸಂಗ್ರಹಿಸಿಕೊಳ್ಳುವ ಪದ್ಧತಿಯು, ಇಂದಿನ ಜಾಲತಾಣಗಳ ಒಡೆಯರಿಂದ ಆರಂಭವಾದುದಲ್ಲವೆಂಬುದು ಇದರಿಂದ ತಿಳಿಯುತ್ತದೆ. ಮೈಸೂರಿನ ಅಂಚೆಯು ೧೮೮೯ರಲ್ಲಿ ಬ್ರಿಟಿಷ್ ಇಂಡಿಯದ ಅಂಚೆಯೊಡನೆ ಸೇರಿಹೋಯಿತು. ಅಷ್ಟು ಹೊತ್ತಿಗೆ, ೧೮೫೪ರ ಕಾಯಿದೆಯಿಂದ ದೇಶಕ್ಕೆಲ್ಲ ಒಂದೇ ದರದ ಅರ್ಧಾಣೆಯ ಕಾಗದವೂ, ೧೮೭೯ರಿಂದ ಕಾಲಾಣೆಯ ಕಾರ್ಡೂ ಜನಕ್ಕೆ ದೊರಕಿದ್ದುವು.

ಕಾರ್ಡು ಬಂದುದರಿಂದ ಸಮ್ಮುಖವು ಕುಗ್ಗಿತೆಂದು ಹೇಳುವುದಕ್ಕಾಗದು. ಒಂದು ವಿಧದಲ್ಲಿ ಹೆಚ್ಚಿತೆಂದೇ ಹೇಳಬೇಕು. ಓದುಬರಹ ಬಲ್ಲವರು ವಿರಳವಾಗಿದ್ದ ಕಾಲದಲ್ಲಿ, ಊರಿಗೆ ಬಂದ ಕಾಗದವನ್ನು ಅಂಚೆಯವನೋ ಮೇಷ್ಟರೋ ಶಾಲೆಯ ಹುಡುಗನೋ ಓದಿ ಹೇಳಬೇಕಾಗಿದ್ದಿತು. ಓದುವವನ ಸುತ್ತಲೂ ಮನೆಯವರು ಕೂಡುತ್ತಿದ್ದರು. ಸುಖದ ಸುದ್ದಿಯಾದರೆ ಅಕ್ಕಪಕ್ಕದವರೂ ಬರುತ್ತಿದ್ದರು. ಉತ್ತರವನ್ನು ಬರೆಯಿಸುವಾಗಲೂ ಅಷ್ಟೇ. ಒಬ್ಬನು ಬರೆದರೆ ಐವರು ಹೇಳುತ್ತಿದ್ದರು. ಕಾಗದದ ಮೊದಲಿಗೆ ತೀರ್ಥರೂಪರಿಗೆ ಸಾಷ್ಟಾಂಗ ನಮಸ್ಕಾರ, ಚಿರಂಜೀವಿಗೆ ಆಶೀರ್ವಾದ, ಅನಂತರ ಉಭಯಕುಶಲೋಪರಿ, ಕೊನೆಗೆ ಮನೆಯ ಹಿರಿಯರಿಂದ ಮಗುವಿನವರೆಗೆ ಒಬ್ಬೊಬ್ಬರನ್ನೂ ಹೆಸರೆತ್ತಿ ಕೇಳುವ ಕ್ರಮ. ಇವು ಬರಿಯ ಒಕ್ಕಣೆಯೆಂದು ಈಗ ಕಾಣಬಹುದು. ಎದುರಿಗೆ ಬಂದವನು ಮಾಡುವ ನಮಸ್ಕಾರ, ಕುಶಲಪ್ರಶ್ನೆ, ಬೀಳ್ಕೊಡಿಗೆ ಇವುಗಳನ್ನೇ ಕಾಗದದ ಮೇಲೆ ಇಟ್ಟದ್ದೆಂದು ತಿಳಿದರೆ ಇವುಗಳ ಬೆಲೆ ಗೊತ್ತಾಗುವುದು. ಸಮ್ಮುಖವು ಇಲ್ಲದಲ್ಲಿಯೂ ಸಮ್ಮುಖದ ಮರ್ಯಾದೆಯನ್ನು ಕಾಗದವು ಇಟ್ಟುಕೊಂಡಿತ್ತು.

ತಂತಿಯು ಈ ಮರ್ಯಾದೆಯನ್ನು ಮೊದಲು ಕತ್ತರಿಸಿತು. ೧೮೫೫ರಲ್ಲಿ ಜನರ ಉಪಯೋಗಕ್ಕೆ ತೆರೆದ ತಂತಿಯಲ್ಲಿ ಮಾತುಗಳನ್ನು ಎಣಿಸಿ ಹಣ ತೆಗೆದುಕೊಳ್ಳುತ್ತಿದ್ದುದರಿಂದ, ನಮಸ್ಕಾರವೂ ಆಶೀರ್ವಾದವೂ ದುಬಾರಿಯಾದುವು. ನಾಲ್ಕು ಮಾತಿನಲ್ಲಿ ಹೇಳಬಹುದಾದುದು ಮದುವೆ ಅಥವಾ ಮರಣ. ತಂತಿ ಬಂದಿತೆಂದರೆ ಓದುವುದಕ್ಕೆ ಮೊದಲೇ ಹೆಂಗಸರು ಅಳಲು ತೊಡಗುತ್ತಿದ್ದರು. ಆದರೂ ತಂತಿಯನ್ನು ಒಬ್ಬ ಮನುಷ್ಯನೇ ಬಾಗಿಲಿಗೆ ತಂದುಕೊಡುತ್ತಿದ್ದನು. ೨೦೧೩ನೆಯ ಇಸವಿ ಜುಲೈ ತಿಂಗಳಿನಲ್ಲಿ ಈ ಪದ್ಧತಿಯು ನಮ್ಮ ದೇಶದಲ್ಲಿ ಮುಕ್ತಾಯವಾಯಿತು.

೧೮೭೬ರಲ್ಲಿ ಗ್ರಹಾಂ ಬೆಲ್ಲನ ಟೆಲಿಫೋನು ಹುಟ್ಟಿತು; ಆರು ವರ್ಷಗಳ ಮೇಲೆ, ೧೮೮೨ರಲ್ಲಿ, ಕಲಕತ್ತೆ, ಮುಂಬಯಿ, ಮದರಾಸುಗಳಲ್ಲಿ ಅದರ ವಿನಿಮಯಕೇಂದ್ರಗಳು ತೆರೆದುವು. ದೂರದವನ ಕಂಠವು ಕಿವಿಗೆ ಬಿದ್ದುದರಿಂದ, ಉದುರಿಹೋಗಿದ್ದ ಸಾತ್ತ್ವಿಕದ ಒಂದು ಭಾಗವು ಹಿಂದಕ್ಕೆ ಬಂದಿತೆನ್ನಬೇಕು. ಗದ್ಗದವನ್ನು ತಂತಿಯು ಹೇಳಲಾರದು, ಟೆಲಿಫೋನು ಹೇಳುತ್ತದೆ. ಈ ಯಂತ್ರವು ಬಹುಕಾಲ ಮನೆಯ ಸೊತ್ತಾಗಿಯೇ ಇದ್ದಿತು, ವ್ಯಕ್ತಿಯ ಸೊತ್ತಾಗಿರಲಿಲ್ಲ. ಬೀದಿಗೆ ಒಂದು ಮನೆಯಲ್ಲಿ ಟೆಲಿಫೋನಿದ್ದರೆ, ನೆರೆಯವರು ತಮ್ಮ ಕಾಗದಗಳಲ್ಲಿ ಆ ಮನೆಯ ಸಂಖ್ಯೆಯನ್ನು ಬರೆದು ಪಕ್ಕದಲ್ಲಿ ಪಿ.ಪಿ. ಎಂದು ಸೇರಿಸುತ್ತಿದ್ದರು. ಕರೆ ಬಂದಾಗ ಆ ಮನೆಯ ಹುಡುಗನು ಓಡಿಹೋಗಿ ಕರೆಯುವನು. ಬಂದವರು ಮಾತು ಮುಗಿಸಿದ ಮೇಲೆ ಸುಮ್ಮನೆ ಹೋಗಲಾರದೆ ಒಂದು ಗಳಿಗೆ ಕುಳಿತು, ಕಾಫಿ ಕುಡಿದು, ದೂರದ ಸುದ್ದಿಯನ್ನು ಹತ್ತಿರದವರೊಡನೆ ಹಂಚಿಕೊಂಡು ಹೋಗುವರು. ೧೯೮೪ರಲ್ಲಿ ಸ್ಯಾಂ ಪಿತ್ರೋಡಾ ಅವರ ಪ್ರಯತ್ನದಿಂದ ಸಿ-ಡಾಟ್ ಸಂಸ್ಥೆಯು ಹುಟ್ಟಿ, ಅನಂತರದ ವರ್ಷಗಳಲ್ಲಿ ಸಣ್ಣ ಊರುಗಳಲ್ಲಿಯೂ ಎಸ್.ಟಿ.ಡಿ. ಅಂಗಡಿಗಳು ತೆರೆದಾಗಲೂ, ಸರದಿಗಾಗಿ ಕಾದು ನಿಂತವರ ನಡುವೆ ಪರಿಚಯಗಳು ಬೆಳೆಯುತ್ತಿದ್ದುವು. ರೇಡಿಯೋವೂ ಹೀಗೆಯೇ. ೧೯೩೫ರಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ ಸ್ಥಾಪಿಸಿದ ಆಕಾಶವಾಣಿಯನ್ನು, ರೇಡಿಯೋ ಇದ್ದ ಮನೆಗಳಲ್ಲಿ ಹತ್ತು ಮಂದಿ ಸೇರಿ ಕೇಳುತ್ತಿದ್ದರು. ಇದುವರೆಗೆ ಬಂದ ಸಾಧನಗಳೆಲ್ಲ ದೂರದ ಮಾತನ್ನು ತಂದು ಹತ್ತಿರದವರ ನಡುವೆ ಇಡುತ್ತಿದ್ದುವು ಎಂಬುದು ಇಲ್ಲಿ ಗಮನಿಸತಕ್ಕ ಸಂಗತಿ.

೧೯೯೫ನೆಯ ಇಸವಿ ಜುಲೈ ೩೧ರಂದು ಕಲಕತ್ತೆಯಿಂದ ಮುಖ್ಯಮಂತ್ರಿ ಜ್ಯೋತಿ ಬಸು ಅವರು ದೆಹಲಿಯಲ್ಲಿದ್ದ ಮಂತ್ರಿ ಸುಖರಾಮ್ ಅವರೊಡನೆ ಮಾತನಾಡಿದುದು ನಮ್ಮ ದೇಶದ ಮೊದಲನೆಯ ಮೊಬೈಲು ಕರೆ. ಆರಂಭದಲ್ಲಿ ಕರೆದವನೂ ಕರೆಯನ್ನು ತೆಗೆದುಕೊಂಡವನೂ ಇಬ್ಬರೂ ಹಣ ತೆರಬೇಕಾಗಿದ್ದಿತು. ೨೦೦೩ರಲ್ಲಿ ಬಂದ ಕರೆಗೆ ಹಣವಿಲ್ಲವೆಂದಾದ ಮೇಲೆ ಈ ಯಂತ್ರವು ಬಡವರ ಕೈಗೂ ಬಂದಿತು. ಮೀನುಗಾರನಿಗೂ ಗಾರೆಯ ಕೆಲಸದವನಿಗೂ ದೂರದ ಊರಿನಲ್ಲಿ ದುಡಿಯುವ ಮಗನ ತಾಯಿಗೂ ಇದರಿಂದ ಆದ ಉಪಕಾರವು ಸಣ್ಣದಲ್ಲ. ಆದರೆ ಟೆಲಿಫೋನು ಮನೆಯ ಪಡಸಾಲೆಯಿಂದ ವ್ಯಕ್ತಿಯ ಜೇಬಿಗೆ ಇಳಿದುದು ಆಗಲೇ. ಸುದ್ದಿಯು ಮನೆಗೆ ಬರುವುದು ನಿಂತು ಒಬ್ಬೊಬ್ಬನಿಗೆ ಬೇರೆಬೇರೆಯಾಗಿ ಬರತೊಡಗಿತು.

ಆಮೇಲಿನ ಕಥೆಯು ವೇಗವಾದುದು. ೨೦೦೪ರಲ್ಲಿ ಫೇಸ್‌ಬುಕ್ಕು, ೨೦೦೬ರಲ್ಲಿ ಟ್ವಿಟ್ಟರು, ೨೦೦೭ರಲ್ಲಿ ಆಪಲ್ ಕಂಪೆನಿಯ ಐಫೋನು, ೨೦೦೮ರಲ್ಲಿ ಆಂಡ್ರಾಯ್ಡಿನ ಮೊದಲನೆಯ ಫೋನು, ೨೦೦೯ರಲ್ಲಿ ವಾಟ್ಸಾಪು. ೨೦೧೬ರ ಸೆಪ್ಟೆಂಬರಿನಲ್ಲಿ ಜಿಯೋ ಕಂಪೆನಿಯು ಕೆಲಸವನ್ನಾರಂಭಿಸಿದ ಮೇಲೆ ನಮ್ಮ ದೇಶದಲ್ಲಿ ಇಂಟರ್ನೆಟ್ಟು ಬಹಳ ಅಗ್ಗವಾಗಿ, ಹಳ್ಳಿಹಳ್ಳಿಗೂ ಚಲಿಸುವ ಚಿತ್ರಗಳು ಬಂದುವು. ಹನ್ನೆರಡು ವರ್ಷಗಳಲ್ಲಿ ಇಷ್ಟೂ ನಡೆಯಿತು. ಕಾರ್ಡಿನ ಒಕ್ಕಣೆ, ಟೆಲಿಫೋನಿನ ಶಿಷ್ಟಾಚಾರ ಮೊದಲಾದುವು ರೂಢಿಯಾಗಲು ಒಂದೊಂದು ತಲೆಮಾರು ಹಿಡಿದಿದ್ದಿತು. ಈ ಯಂತ್ರಕ್ಕೆ ಅಂಥ ಮರ್ಯಾದೆಯೊಂದು ಹುಟ್ಟಲು ಕಾಲವೇ ಒದಗಲಿಲ್ಲ.

ಮುಖವಿಲ್ಲದ ಬರಹದ ಕೊರತೆಯು ಈ ಯಂತ್ರಗಳನ್ನು ಮಾಡಿದವರಿಗೂ ತಿಳಿದೇ ಇದ್ದಿತು. ೧೯೮೨ರಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಕಂಪ್ಯೂಟರಿನಲ್ಲಿ ಪರಸ್ಪರ ಬರೆದುಕೊಳ್ಳುತ್ತಿದ್ದ ವಿದ್ವಾಂಸರ ನಡುವೆ, ಲಿಫ್ಟಿನಲ್ಲಿ ಪಾದರಸ ಚೆಲ್ಲಿದ ವಿಷಯವಾಗಿ ಒಬ್ಬರು ವಿನೋದಕ್ಕೆ ಬರೆದುದನ್ನು ಕೆಲವರು ನಿಜವಾದ ಎಚ್ಚರಿಕೆಯೆಂದು ತಿಳಿದರು. ಆಗ ಸ್ಕಾಟ್ ಫಾಲ್ಮನ್ ಎಂಬವರು, ವಿನೋದದ ಮಾತಿನ ಮುಂದೆ ಎರಡು ಚುಕ್ಕೆ, ಒಂದು ಗೀಟು, ಒಂದು ಆವರಣ ಇವುಗಳಿಂದಾದ ನಗುಮುಖವನ್ನು ಹಾಕೋಣವೆಂದು ಸೂಚಿಸಿದರು. ಇಂದಿನ ಹಳದಿಯ ಮುಖಗಳೆಲ್ಲ ಇದೇ ಜಾತಿಯವು. ಭರತನ ಶಾಸ್ತ್ರಕ್ಕೆ ಇದಕ್ಕಿಂತ ದೊಡ್ಡ ಗೌರವವು ಬೇರೊಂದಿಲ್ಲ: ಆಂಗಿಕವಿಲ್ಲದ ವಾಚಿಕವು ನಿಲ್ಲಲಾರದೆ ಮುಖವನ್ನು ಚುಕ್ಕೆಗಳಿಂದಲಾದರೂ ಬರೆದುಕೊಂಡಿತು. ಆದರೆ ಈ ಮುಖವು ಆರಿಸಿ ಇಟ್ಟ ಮುಖ. ಅಳುತ್ತಿರುವವನೂ ನಗುಮುಖವನ್ನು ಒತ್ತಬಹುದು. ಸಾತ್ತ್ವಿಕವು ಮಾತ್ರ ಇದರಲ್ಲಿ ಬರಲಾರದು.

ಈ ಯಂತ್ರದಿಂದ ಸಮ್ಮುಖಕ್ಕೆ ಆಗಿರುವ ಬಾಧೆಯು ಎರಡು ಬಗೆಯದು. ಮೊದಲನೆಯದು ಎಲ್ಲರಿಗೂ ಕಾಣುವಂಥದು: ಎದುರಿಗಿರುವವನಿಗಿಂತ ದೂರದಲ್ಲಿರುವವನಿಗೆ ಅಗ್ರಾಸನ ದೊರೆಯುವುದು. ಮನೆಗೆ ಬಂದವನ ಮಾತಿನ ನಡುವೆ ಫೋನು ಸದ್ದುಮಾಡಿದರೆ, ಬಂದವನು ಕಾಯಬೇಕು, ಬಾರದವನು ಕಾಯಬೇಕಾಗಿಲ್ಲ. ೨೦೧೨ರಲ್ಲಿ ಆಸ್ಟ್ರೇಲಿಯದಲ್ಲಿ ಈ ಅನಾದರಕ್ಕೆ ಫಬ್ಬಿಂಗ್ ಎಂಬ ಹೊಸ ಮಾತನ್ನೇ ಹುಟ್ಟಿಸಬೇಕಾಯಿತು. ಇಂಗ್ಲೆಂಡಿನಲ್ಲಿ ಪ್ರಿಬಿಲ್‌ಸ್ಕಿ ಮತ್ತು ವೈನ್‌ಸ್ಟೈನ್ ಎಂಬ ವಿದ್ವಾಂಸರು ೨೦೧೩ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಮೇಜಿನ ಮೇಲೆ ಫೋನು ಸುಮ್ಮನೆ ಇದ್ದರೂ ಅಪರಿಚಿತರ ಸಂಭಾಷಣೆಯಲ್ಲಿ ಆತ್ಮೀಯತೆಯು ಕುಂದಿದಂತೆ ಕಂಡುಬಂದಿತು. ೨೦೨೧ರಲ್ಲಿ ಅದೇ ಪರೀಕ್ಷೆಯನ್ನು ಮತ್ತೆ ಮಾಡಿ ನೋಡಿದಾಗ ಅದೇ ಫಲವು ಬರಲಿಲ್ಲವೆಂಬುದನ್ನೂ ಹೇಳುವುದು ನ್ಯಾಯ. ಫೋನಿನ ಇರವಿನಲ್ಲಿಯೇ ವಿಷವಿದೆಯೆಂದು ಹೇಳಲು ಸಾಕಾದ ಪ್ರಮಾಣವಿಲ್ಲ. ನಾವು ಅದನ್ನು ಬಳಸುವ ಬಗೆಯಲ್ಲಿಯೇ ದೋಷವನ್ನು ಹುಡುಕಬೇಕು.

ವಾದದ ವಿಷಯವನ್ನೂ ಇಲ್ಲಿಯೇ ಹೇಳಬೇಕು. ನ್ಯಾಯಶಾಸ್ತ್ರವು ಕಥೆಯನ್ನು, ಎಂದರೆ ಚರ್ಚೆಯನ್ನು, ವಾದ, ಜಲ್ಪ, ವಿತಂಡ ಎಂದು ಮೂರಾಗಿ ವಿಂಗಡಿಸುತ್ತದೆ. ತತ್ತ್ವವನ್ನು ತಿಳಿಯುವುದಕ್ಕಾಗಿ ನಡೆಯುವುದು ವಾದ. ಗೆಲ್ಲುವುದಕ್ಕಾಗಿ ನಡೆಯುವುದು ಜಲ್ಪ. ತನ್ನದೆಂಬ ಪಕ್ಷವೇ ಇಲ್ಲದೆ ಪರಪಕ್ಷವನ್ನು ಮುರಿಯುವುದೊಂದೇ ವಿತಂಡ. ಪಾಠಶಾಲೆಗಳ ವಾಕ್ಯಾರ್ಥಗೋಷ್ಠಿಯಲ್ಲಿ ಎದುರಾಳಿಯ ಪೂರ್ವಪಕ್ಷವನ್ನು ಅವನು ಒಪ್ಪುವಂತೆ ಅನುವಾದಮಾಡಿ ತೋರಿಸಿದ ಹೊರತು ಖಂಡಿಸಲು ಅಧಿಕಾರವಿಲ್ಲ. ಎದುರಾಳಿಯು ಎದುರಿಗೇ ಇರುತ್ತಾನೆ, ನಡುವೆ ಮಧ್ಯಸ್ಥನಿರುತ್ತಾನೆ. ಜಾಲತಾಣದಲ್ಲಿ ಎದುರಾಳಿಯಿದ್ದಾನೆ, ಎದುರಿಲ್ಲ; ಸಭೆಯಿದೆ, ಮಧ್ಯಸ್ಥನಿಲ್ಲ. ಆದುದರಿಂದ ವಾದವೆಂದು ತೊಡಗಿದುದು ಜಲ್ಪವಾಗಿ, ಜಲ್ಪವು ವಿತಂಡವಾಗಿ ಇಳಿಯುವುದು ಅಲ್ಲಿ ಬಹಳ ಸುಲಭ. ಒಂದೇ ಬೀದಿಯವರು, ಒಂದೇ ವಂಶದವರು ಕೂಡ, ಎದುರಿಗೆ ಎಂದಿಗೂ ಆಡದ ಮಾತನ್ನು ಅಲ್ಲಿ ಬರೆದು, ಆ ಬಳಿಕ ಎದುರಾದಾಗ ಮುಖ ತಿರುಗಿಸುವುದನ್ನು ಕಾಣುತ್ತೇವೆ.

ಎರಡನೆಯ ಬಾಧೆಯು ಇದಕ್ಕಿಂತ ಘೋರವಾದುದು: ದೂತನೂ ಇಲ್ಲದ, ಅಭಿಜ್ಞಾನವೂ ಇಲ್ಲದ ಸಂದೇಶವು ಸಮ್ಮುಖವನ್ನೇ ಸೋಲಿಸುವುದು. ಇದಕ್ಕೆ ನಮ್ಮ ರಾಜ್ಯದಲ್ಲಿಯೇ ನಡೆದ ಎರಡು ನಿದರ್ಶನಗಳಿವೆ.

೨೦೧೨ರ ಜುಲೈ ತಿಂಗಳಿನಲ್ಲಿ ಅಸ್ಸಾಮಿನ ಕೊಕ್ರಾಝಾರ್ ಮೊದಲಾದ ಕಡೆ ಗಲಭೆಗಳಾದುವು. ಅದರ ಬೆನ್ನಿಗೆ, ದಕ್ಷಿಣದ ಊರುಗಳಲ್ಲಿರುವ ಈಶಾನ್ಯಭಾರತದವರ ಮೇಲೆ ಆಕ್ರಮಣವಾಗುವುದೆಂಬ ಸುಳ್ಳು ಸಂದೇಶಗಳು ಮೊಬೈಲುಗಳಲ್ಲಿ ಹರಡಿದುವು. ಆಗಸ್ಟ್ ೧೫ರಿಂದ ಕೆಲವು ದಿನಗಳಲ್ಲಿ ಸಾವಿರಾರು ಮಂದಿ ಬೆಂಗಳೂರಿನ ರೈಲುನಿಲ್ದಾಣದಲ್ಲಿ ನೆರೆದು, ದುಡಿಯುತ್ತಿದ್ದ ಕೆಲಸವನ್ನೂ ಓದುತ್ತಿದ್ದ ಕಾಲೇಜನ್ನೂ ಬಿಟ್ಟು ಗುವಾಹಟಿಯ ದಾರಿ ಹಿಡಿದರು. ರೈಲ್ವೆಯವರು ವಿಶೇಷ ಗಾಡಿಗಳನ್ನು ಬಿಡಬೇಕಾಯಿತು. ಮಂತ್ರಿಗಳೂ ಅಧಿಕಾರಿಗಳೂ ಅಭಯವನ್ನು ಕೊಟ್ಟರು. ಆದರೂ ಗಾಡಿಗಳು ತುಂಬಿ ಹೋಗುತ್ತಲೇ ಇದ್ದುವು. ಹೆಸರಿಲ್ಲದ ಸಂದೇಶದ ಮುಂದೆ ಹೆಸರುಳ್ಳವರ ಮಾತು ನಿಲ್ಲಲಿಲ್ಲ. ಕೊನೆಗೆ ಕೇಂದ್ರಸರ್ಕಾರವು ಒಬ್ಬನು ಒಂದು ದಿನಕ್ಕೆ ಐದು ಎಸ್ಸೆಮ್ಮೆಸ್ಸುಗಳಿಗಿಂತ ಹೆಚ್ಚು ಕಳುಹಿಸಕೂಡದೆಂದು ತಾತ್ಕಾಲಿಕವಾಗಿ ಕಟ್ಟುಮಾಡಬೇಕಾಯಿತು. ಹೊರಟುಹೋದವರು ಬೆಂಗಳೂರಿನಲ್ಲಿ ವರ್ಷಗಟ್ಟಲೆ ಇದ್ದವರು. ಅವರಿಗೆ ಇಲ್ಲಿ ನೆರೆಹೊರೆಯಿದ್ದಿತು. ಆದರೆ ಭಯದ ಗಳಿಗೆಯಲ್ಲಿ ನೆರೆಯವನ ಬಾಗಿಲನ್ನು ತಟ್ಟಿ ಕೇಳುವಷ್ಟು ಸಮ್ಮುಖವು ಬೆಳೆದಿರಲಿಲ್ಲ. ಈ ತಪ್ಪು ಅವರದೊಂದೇ ಎಂದು ಹೇಳಲಾರೆವು. ಅವರ ಬಾಗಿಲನ್ನು ನಾವೂ ಅದಕ್ಕೆ ಮೊದಲು ತಟ್ಟಿರಲಿಲ್ಲ.

ಆರು ವರ್ಷಗಳ ಮೇಲೆ, ೨೦೧೮ರಲ್ಲಿ, ಮಕ್ಕಳನ್ನು ಕದಿಯುವವರು ಬಂದಿದ್ದಾರೆಂಬ ಸುದ್ದಿಯು ವಾಟ್ಸಾಪಿನ ಮೂಲಕ ದೇಶವನ್ನೆಲ್ಲ ಸುತ್ತಿತು. ಆಗ ಹರಿದಾಡಿದ ದೃಶ್ಯಗಳಲ್ಲಿ ಒಂದು, ಬೈಕಿನಲ್ಲಿ ಬಂದವರು ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುವಂಥದು. ಅದು ಪಾಕಿಸ್ತಾನದ ಕರಾಚಿಯಲ್ಲಿ, ಮಕ್ಕಳ ರಕ್ಷಣೆಯ ವಿಷಯವಾಗಿ ತಂದೆತಾಯಿಗಳನ್ನು ಎಚ್ಚರಿಸಲು ಮಾಡಿದ ಚಿತ್ರ. ಅದರ ಕೊನೆಯಲ್ಲಿ ಆ ಬೈಕಿನವರು ಮಗುವನ್ನು ಹಿಂದಕ್ಕೆ ತಂದುಬಿಟ್ಟು ಎಚ್ಚರಿಕೆಯ ಫಲಕವನ್ನು ತೋರಿಸುತ್ತಾರೆ. ಆ ಕೊನೆಯ ಭಾಗವನ್ನು ಯಾರೋ ಕತ್ತರಿಸಿ ಹಾಕಿದ್ದರು. ಅಭಿಜ್ಞಾನವನ್ನು ಕಿತ್ತು ಸಂದೇಶವನ್ನು ಮಾತ್ರ ಕಳುಹಿಸಿದಂತಾಯಿತು. ಇಂಥ ಸುದ್ದಿಗಳ ಕಾಲದಲ್ಲಿ, ಜುಲೈ ೧೩ರಂದು, ಹೈದರಾಬಾದಿನ ಕಡೆಯಿಂದ ಬೀದರ ಜಿಲ್ಲೆಗೆ ಕಾರಿನಲ್ಲಿ ಬಂದಿದ್ದ ಕೆಲವರು ಸ್ನೇಹಿತರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟು ಕೊಟ್ಟರು. ಅದರಿಂದ ಸಂಶಯ ಹುಟ್ಟಿತು. ಕಾರು ಮುಂದೆ ಹೋಗುವುದಕ್ಕಿಂತ ಬೇಗ ಸಂದೇಶವು ಮುಂದಿನ ಊರಿಗೆ ಹೋಯಿತು. ಮುರ್ಕಿ ಎಂಬ ಗ್ರಾಮದಲ್ಲಿ ಜನರು ಅವರನ್ನು ತಡೆದು ಹೊಡೆದರು. ಬಿಡಿಸಲು ಬಂದ ಪೊಲೀಸರೂ ಗಾಯಗೊಂಡರು. ತರುಣನಾದ ಒಬ್ಬ ಇಂಜಿನಿಯರು ತೀರಿಕೊಂಡನು.

ದುಷ್ಯಂತನ ಕಥೆಯನ್ನು ನೆನೆಯಬೇಕಾದುದು ಇಲ್ಲಿಯೇ. ಅವರು ಎದುರಿಗೇ ಇದ್ದರು. ಅವರಿಗೆ ಮುಖವಿದ್ದಿತು, ಹೆಸರಿದ್ದಿತು, ಭಾಷೆಯಿದ್ದಿತು. ಯಾರು, ಎಲ್ಲಿಂದ ಬಂದಿರಿ, ಯಾರ ಮನೆಗೆ ಎಂದು ಕೇಳುವುದು ನಮ್ಮ ಹಳ್ಳಿಗಳಲ್ಲಿ ಅಪರಿಚಿತನಿಗೆ ಮೊದಲು ಸಲ್ಲುವ ಮಾತು. ಉತ್ತರವನ್ನು ಕೇಳಿದ ಮೇಲೆ ನೀರು ಕೊಡುವುದು ಪದ್ಧತಿ. ಅಂದು ಆ ಪ್ರಶ್ನೆಗೆ ಉತ್ತರವು ಕೈಯೊಳಗಿನ ಯಂತ್ರದಲ್ಲಿ ಮೊದಲೇ ಬಂದು ಕುಳಿತಿದ್ದಿತು. ಆದುದರಿಂದ ಎದುರಿಗಿದ್ದವರ ಉತ್ತರವು ಯಾರಿಗೂ ಬೇಕಾಗಲಿಲ್ಲ. ಸಂದೇಶವು ಸಮ್ಮುಖದ ಸ್ಥಾನವನ್ನು ಆಕ್ರಮಿಸಿದರೆ ಆಗುವ ಅನರ್ಥದ ಕೊನೆಯ ಮೆಟ್ಟಿಲು ಇದು. ಊಟದ ಹೊತ್ತಿನಲ್ಲಿ ಮಗನು ಫೋನು ನೋಡುತ್ತಾನೆಂಬ ದೂರು ಇದರ ಮುಂದೆ ಅಲ್ಪವಾಗಿ ಕಾಣಬಹುದು. ಆದರೆ ಎರಡಕ್ಕೂ ಬೇರು ಒಂದೇ. ಎದುರಿಗಿರುವವನನ್ನು ನೋಡುವ, ಕೇಳುವ, ತಾಳುವ ಅಭ್ಯಾಸವು ಊಟದ ಎಲೆಯ ಮುಂದೆ, ಜಗಲಿಯ ಮೇಲೆ, ಶಾಲೆಯ ಬೆಂಚಿನಲ್ಲಿ ಬೆಳೆಯತಕ್ಕದ್ದು. ಅಲ್ಲಿ ಬೆಳೆಯದಿದ್ದರೆ ಬೀದಿಯಲ್ಲಿ ಆಪತ್ತಿನ ಹೊತ್ತಿಗೆ ಅದು ಇದ್ದಕ್ಕಿದ್ದಂತೆ ಒದಗಲಾರದು.

ಇಷ್ಟು ಹೇಳಿದ ಮೇಲೆ, ಈ ಯಂತ್ರದ ಗುಣವನ್ನು ಹೇಳದಿದ್ದರೆ ಪಕ್ಷಪಾತವಾದೀತು. ೨೦೨೦ರ ಮಾರ್ಚ್ ೨೫ರಿಂದ ದೇಶವೆಲ್ಲ ಬಾಗಿಲು ಮುಚ್ಚಿದಾಗ, ಸಮ್ಮುಖವೇ ಅಪಾಯವಾಗಿದ್ದ ತಿಂಗಳುಗಳಲ್ಲಿ, ಮುಖವನ್ನು ಮುಖಕ್ಕೆ ತೋರಿಸಿದುದು ಈ ಯಂತ್ರವೇ. ಆಸ್ಪತ್ರೆಯಲ್ಲಿದ್ದವರನ್ನು ಮನೆಯವರು ಇದರಲ್ಲಿಯೇ ಕಂಡರು; ಎಷ್ಟೋ ಮಂದಿಗೆ ಕೊನೆಯ ದರ್ಶನವೂ ಇದರಲ್ಲಿಯೇ ಆಯಿತು. ಕಿವುಡರು ತಮ್ಮ ಸಂಜ್ಞಾಭಾಷೆಯಲ್ಲಿ ದೂರದವರೊಡನ ಮಾತಾಡಲು ಟೆಲಿಫೋನು ಎಂದಿಗೂ ಅನುಕೂಲಿಸಿರಲಿಲ್ಲ. ಚಿತ್ರವನ್ನು ತೋರಿಸುವ ಈ ಫೋನು ಅನುಕೂಲಿಸಿತು. ಕಡಲಾಚೆಯ ಮೊಮ್ಮಗುವಿನ ಮುಖವನ್ನು ಕಾಣುವ ಅಜ್ಜಿಗೆ ಇದು ಮೇಘದೂತಕ್ಕಿಂತ ಮೇಲಾದ ದೂತ. ಈ ಎಲ್ಲ ಉಪಕಾರಗಳಲ್ಲಿಯೂ ಯಂತ್ರವು ಇಲ್ಲದ ಸಮ್ಮುಖವನ್ನು ತಂದುಕೊಟ್ಟಿತೇ ಹೊರತು, ಇದ್ದ ಸಮ್ಮುಖವನ್ನು ಕಿತ್ತುಕೊಳ್ಳಲಿಲ್ಲ. ಇದರಿಂದಲೇ ಇದರ ಸರಿಯಾದ ಸ್ಥಾನವು ತಿಳಿಯುತ್ತದೆ.

ಆ ಸ್ಥಾನದಲ್ಲಿ ಇದನ್ನು ನಿಲ್ಲಿಸುವ ಪ್ರಯತ್ನಗಳೂ ನಡೆದಿವೆ. ೨೦೧೮ರ ಹತ್ಯೆಗಳ ಬಳಿಕ ವಾಟ್ಸಾಪಿನವರು, ಬೇರೆಯವರಿಂದ ಬಂದುದನ್ನು ಮುಂದಕ್ಕೆ ಕಳುಹಿಸಿದರೆ ಅದರ ಮೇಲೆ ಹಾಗೆಂದು ಗುರುತು ಬೀಳುವಂತೆ ಮಾಡಿದರು; ಭಾರತದಲ್ಲಿ ಒಂದು ಸಲಕ್ಕೆ ಐದು ಕಡೆಗಳಿಗಿಂತ ಹೆಚ್ಚಿಗೆ ಕಳುಹಿಸಲಾಗದಂತೆಯೂ ಏರ್ಪಡಿಸಿದರು. ಇದು ಕಳೆದುಹೋಗಿದ್ದ ಅಭಿಜ್ಞಾನವನ್ನು ಸ್ವಲ್ಪಮಟ್ಟಿಗೆ ಹಿಂದಕ್ಕೆ ತಂದಂತೆ. ನಮ್ಮ ಗಡಿಯಾಚೆಯ ಸಾಂಗಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ್ ಎಂಬ ಗ್ರಾಮದವರು ೨೦೨೨ರಲ್ಲಿ ಇನ್ನೊಂದು ದಾರಿಯನ್ನು ಹಿಡಿದರು. ಸಂಜೆ ಏಳು ಗಂಟೆಗೆ ಊರಿನಲ್ಲಿ ಸೈರನ್ನು ಕೂಗುತ್ತದೆ. ಒಂದೂವರೆ ಗಂಟೆಯ ಕಾಲ ಫೋನನ್ನೂ ಟೆಲಿವಿಷನ್ನನ್ನೂ ನಿಲ್ಲಿಸಿ, ಮಕ್ಕಳು ಓದುವುದು, ಮನೆಯವರು ಮಾತಾಡುವುದು ಎಂದು ಗ್ರಾಮಸಭೆಯಲ್ಲಿ ತೀರ್ಮಾನವಾಯಿತು. ಆ ತೀರ್ಮಾನವು ಎದುರೆದುರಿಗೆ ಕುಳಿತು ಆದುದೆಂಬುದೇ ಅದರ ಬಲ.

ಕಂಪೆನಿಯವರ ಗುರುತೂ ಗ್ರಾಮದ ಸೈರನ್ನೂ ಹೊರಗಿನ ಸಹಾಯಗಳು. ಮನೆಯಲ್ಲಿ ನಡೆಯಬೇಕಾದುದು ಹಿಂದಿನವರ ಎರಡು ನಿಯಮಗಳನ್ನು ಮತ್ತೆ ಹಿಡಿಯುವ ಕೆಲಸ. ಸಂದೇಶವು ಬಂದಾಗ ಅದನ್ನು ಕಳುಹಿಸಿದವನು ಯಾರು, ಗುರುತೇನು, ಅದಕ್ಕೆ ಹೊಣೆ ಯಾರು ಎಂದು ಕೇಳತಕ್ಕದ್ದು. ಉತ್ತರವಿಲ್ಲದಿದ್ದರೆ ಮುಂದಕ್ಕೆ ಕಳುಹಿಸದೆ ಬಿಡತಕ್ಕದ್ದು. ಸೀತಾದೇವಿಯು ಸಾಕ್ಷಾತ್ ಆಂಜನೇಯನನ್ನೇ ಕೇಳಿದ ಪ್ರಶ್ನೆಯನ್ನು ನಾವು ಹೆಸರಿಲ್ಲದವರನ್ನು ಕೇಳಲು ಸಂಕೋಚಪಡಬೇಕಾಗಿಲ್ಲ. ಮನುಷ್ಯನು ಎದುರಿಗೆ ಬಂದಾಗ, ಅವನು ಮನೆಯವನಾಗಲಿ ಅಪರಿಚಿತನಾಗಲಿ, ಯಂತ್ರವನ್ನು ಕೆಳಗಿಟ್ಟು ಅವನ ಮುಖವನ್ನು ನೋಡಿ ಮಾತನ್ನು ಕೇಳತಕ್ಕದ್ದು. ಇದನ್ನು ಮಕ್ಕಳಿಗೆ ಬೋಧಿಸುವುದಕ್ಕೆ ಮೊದಲು ದೊಡ್ಡವರು ನಡೆದು ತೋರಿಸಬೇಕು. ಏಕೆಂದರೆ ಮಕ್ಕಳು ಇದನ್ನು ಕಲಿಯುವುದು ನಮ್ಮ ಮಾತಿನಿಂದಲ್ಲ, ಅವರು ಕರೆದಾಗ ನಾವು ತಲೆಯೆತ್ತುತ್ತೇವೆಯೇ ಇಲ್ಲವೇ ಎಂಬುದರಿಂದ.